ಜೀಪಣ್ಣನವರ ಸ್ಟೆಪ್ನಿ ಸಂಸಾರ

ಸೋಮನೂರಿನಲ್ಲಿ ಕರೆಂಟು ಹೋದಾಗ ಮಾತ್ರ ಮನುಷ್ಯರ ಮಾತು ಕಿವಿಗೆ ಬೀಳುತ್ತದೆ. ಉಳಿದ ಹೊತ್ತೆಲ್ಲ ಪವರ್‌ಲೂಮುಗಳದೇ ಮಾತು. ಕೊಯಮತ್ತೂರಿನಿಂದ ಅವಿನಾಶಿ ರಸ್ತೆ ಹಿಡಿದು ಪೂರ್ವಕ್ಕೆ ಬಂದು ಕರುಮತ್ತಂಪಟ್ಟಿಯಲ್ಲಿ ಬಲಕ್ಕೆ ತಿರುಗಿದರೆ ಸಿಗುವ ಊರು ಇದು. ಇಲ್ಲಿಯ ದೇವಾಂಗರ ಮನೆಗಳಲ್ಲಿ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕರೆಂಟು ಹೋದಾಗ ಕೇಳಿಸುವ ಮಾತಿನಲ್ಲಿ ಅರ್ಧ ಕೂಲಿ ದರದ ಬಗ್ಗೆ, ಕಾಲು ಭಾಗ ನೂಲಿನ ಬೆಲೆಯ ಬಗ್ಗೆ, ಉಳಿದ ಕಾಲು ಜೀಪಣ್ಣನವರ ಟೈರುಗಳ ಬಗ್ಗೆ.

ಜೀಪಣ್ಣನವರು ಎಂದರೆ ಒಬ್ಬರಲ್ಲ, ಅದೊಂದು ತಳಿ. ಸಕಲೇಶಪುರದ ಕಾಫಿ ತೋಟದ ಶೆಡ್ಡಿನಲ್ಲಿ, ಮಡಿಕೇರಿಯ ಮನೆಗಳ ಹಿತ್ತಲಿನಲ್ಲಿ, ತಾಳವಾಡಿಯ ಹುಲ್ಲಿನ ಬಣವೆಯ ಪಕ್ಕದಲ್ಲಿ ಈ ತಳಿ ಇನ್ನೂ ಬದುಕಿದೆ. ಗುರುತು ಹಿಡಿಯುವುದು ಸುಲಭ: ಜೀಪು ಒಂದು, ಸ್ಟೆಪ್ನಿ ಹಲವು. ಸೋಮನೂರಿನ ಜೀಪಣ್ಣನವರ ಬಳಿ ಇರುವುದು ಸಿಜೆ ಮಾದರಿಯ ಹಳೇ ಮಹೀಂದ್ರ. ಅದರ ಆರ್.ಸಿ. ಪುಸ್ತಕವನ್ನು ಕೈಗೆತ್ತಿಕೊಂಡರೆ ಮೊದಲು ಪುಡಿ ಉದುರುತ್ತದೆ, ಆಮೇಲೆ ಅಕ್ಷರ ಕಾಣುತ್ತದೆ. ಜೀಪಿನ ಮೈಮೇಲಿರುವ ಟೈರು ಐದು. ಶೆಡ್ಡಿನಲ್ಲಿರುವುದನ್ನು ಯಾರೂ ಎಣಿಸಿಲ್ಲ. ಎಣಿಸಲು ಹೋದವರಿಗೆ ಅವರು ಕಾಫಿ ಕೊಟ್ಟು ಮಾತು ತಪ್ಪಿಸುತ್ತಾರೆ.

ಆ ಶೆಡ್ಡಿಗೂ ಒಂದು ಪೂರ್ವಾಶ್ರಮ ಇತ್ತು. ಅಲ್ಲಿ ಮಗ್ಗಗಳಿದ್ದವು. ಸೋಮನೂರು, ಪಲ್ಲಡಂ ಕಡೆಯ ಸಣ್ಣ ಮಗ್ಗದವರು ಬಟ್ಟೆ ವ್ಯಾಪಾರಿಗಳಿಂದ ಪಾವು, ಅಂದರೆ ಹಾಸು ನೂಲು ಪಡೆದು, ಕೂಲಿಗೆ ನೇಯ್ದುಕೊಡುವವರು. ಕೂಲಿ ಒಪ್ಪಂದ ಮುರಿದು ಬಿದ್ದು ಮಗ್ಗ ನಿಂತಾಗಲೆಲ್ಲ ಕೆಲವರ ಮಗ್ಗಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುವುದುಂಟು. ಜೀಪಣ್ಣನವರ ಮಗ್ಗಗಳೂ ಹಾಗೇ ಒಂದು ದಿನ ಲಾರಿ ಹತ್ತಿದವು. ಗುಜರಿಯವನು ತೂಕ ಹಾಕಿ ದುಡ್ಡು ಎಣಿಸಿ ಕೊಟ್ಟ. ಜೀಪಣ್ಣನವರು ಅದೇ ಲಾರಿಯ ಮೂಲೆಯಲ್ಲಿ ಒರಗಿದ್ದ ಎರಡು ಜೀಪ್ ಟೈರು ನೋಡಿ ದುಡ್ಡಿನಲ್ಲಿ ಒಂದಿಷ್ಟು ವಾಪಸು ಕೊಟ್ಟರು. ಮಗ್ಗ ಹೊರಗೆ ಹೋಯಿತು, ಟೈರು ಒಳಗೆ ಬಂತು. ಅವರ ಮನೆಯಾಕೆ ಇವತ್ತಿಗೂ ಆ ವ್ಯವಹಾರವನ್ನು ಹೇಳುವುದು ಒಂದೇ ಸಾಲಿನಲ್ಲಿ: "ಬಟ್ಟೆ ಕೊಡೋದು ಹೋಗಿ ಸೊಳ್ಳೆ ಕೊಡೋದು ಬಂತು."

ಟೈರು ಹುಡುಕುವುದರಲ್ಲಿ ಜೀಪಣ್ಣನವರಿಗೆ ಒಂದು ಭೂಗೋಳವೇ ಇದೆ. ಹತ್ತಿರಕ್ಕೆ ಕೊಯಮತ್ತೂರಿನ ಉಕ್ಕಡಂ, ರೈಲು ಹತ್ತಿದರೆ ಚೆನ್ನೈನ ಪುದುಪ್ಪೇಟೆ, ನೆಂಟರ ಮದುವೆಯ ನೆಪದಲ್ಲಿ ಬೆಂಗಳೂರಿನ ಶಿವಾಜಿನಗರ. ಮದುವೆಯಲ್ಲಿ ಮುಹೂರ್ತದ ಹೊತ್ತಿಗೆ ಅವರು ಇರುವುದಿಲ್ಲ. ಊಟದ ಹೊತ್ತಿಗೆ ಬರುತ್ತಾರೆ, ಅಂಗೈ ಕಪ್ಪಾಗಿರುತ್ತದೆ. ವಾಪಸು ಬರುವಾಗ ಹೆಂಗಸರ ತಾಂಬೂಲದ ಚೀಲಗಳ ಜೊತೆ ಗೋಣಿಯಲ್ಲಿ ಸುತ್ತಿದ ಒಂದು ದುಂಡನೆಯ ವಸ್ತುವೂ ರೈಲಿನ ಸೀಟಿನ ಕೆಳಗೆ ಸೇರುತ್ತದೆ.

ಅಂಗಡಿಯಲ್ಲಿ ಅವರ ಪರೀಕ್ಷೆ ನೋಡುವಂಥದ್ದು. ಮೊದಲು ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಆಮೇಲೆ ಗ್ರಿಪ್ಪಿನ ಸಂದಿಗೆ ಒಂದು ರೂಪಾಯಿ ನಾಣ್ಯ ಇಳಿಸುತ್ತಾರೆ. ಕಾರಿನ ಟೈರಿನಲ್ಲಿ ಗ್ರಿಪ್ಪಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರ ಅದರ ಕೆಲಸ ಮುಗಿಯಿತು. ಜೀಪಣ್ಣನವರ ಶೆಡ್ಡಿನ ಟೈರುಗಳಿಗೆ ಆ ಭಯ ಇಲ್ಲ, ಎಲ್ಲಕ್ಕೂ ಬೆರಳಿನಷ್ಟು ಗ್ರಿಪ್ ಇದೆ. ಅವುಗಳ ತೊಂದರೆ ಬೇರೆ ಕಡೆ ಇದೆ, ಅದು ಟೈರಿನ ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಸಣ್ಣ ಚೌಕಟ್ಟಿನೊಳಗೆ ಬರೆದಿರುತ್ತದೆ. ಅಲ್ಲಿಯ ನಾಲ್ಕಂಕಿಯೇ ಟೈರಿನ ಜಾತಕ: 2317 ಎಂದಿದ್ದರೆ 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. 2000ಕ್ಕೂ ಹಿಂದಿನ ಟೈರಿನಲ್ಲಿ ಇದ್ದದ್ದು ಮೂರೇ ಅಂಕಿ. 348 ಎಂದರೆ 34ನೇ ವಾರ ಸರಿ, ವರ್ಷ 1988 ಇರಬಹುದು, 1998 ಇರಬಹುದು. ಇಂಥ ಟೈರು ಸಿಕ್ಕ ದಿನ ಜೀಪಣ್ಣನವರಿಗೆ ಹಬ್ಬ. ಕೊಳ್ಳುವಾಗ ಅದನ್ನು 1988 ಎಂದು ವಾದಿಸಿ ಬೆಲೆ ಇಳಿಸುತ್ತಾರೆ. ಮನೆಗೆ ಬಂದ ಮೇಲೆ ಅದೇ ಟೈರು 1998ರದ್ದಾಗುತ್ತದೆ. ಉಕ್ಕಡಂನಿಂದ ಸೋಮನೂರಿಗೆ ಬರುವಷ್ಟರಲ್ಲಿ ಹತ್ತು ವರ್ಷ ಪ್ರಾಯ ಇಳಿಸುವ ವಿದ್ಯೆ ಯಾವ ಸಿದ್ಧ ವೈದ್ಯರಿಗೂ ಸಿದ್ಧಿಸಿಲ್ಲ.

ಅವರ ಜೀಪಿನ ಟೈರಿನ ಅಳತೆ 6.00-16. ಎರಡನೇ ಮಹಾಯುದ್ಧದಲ್ಲಿ ಓಡಾಡಿದ ವಿಲ್ಲಿಸ್ ಜೀಪಿಗೂ ಇದೇ ಅಳತೆ. ಅದೇ ವಂಶದ ಜೀಪುಗಳನ್ನು ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿದರು. ಇಂದಿನ ಆಫ್‌ರೋಡ್ ಗಾಡಿಗಳ ಅಳತೆಗಳೇ ಬೇರೆ: ಮಾರುತಿ ಜಿಮ್ನಿಗೆ 195/80 ಆರ್15, ಹೊಸ ಥಾರ್‌ಗೆ 245/75 ಆರ್16 ಅಥವಾ 255/65 ಆರ್18. ಈ ಸಂಖ್ಯೆಗಳನ್ನು ಕೇಳಿದರೆ ಜೀಪಣ್ಣನವರ ಮುಖ ಸಣ್ಣಗಾಗುತ್ತದೆ, ಅವುಗಳಲ್ಲಿ ಒಂದೂ ಅವರ ರಿಮ್ಮಿಗೆ ಕೂರುವುದಿಲ್ಲ. ಆದರೆ 6.00-16ರಲ್ಲಿ ಒಂದು ಗುಟ್ಟಿದೆ. ಟ್ರ್ಯಾಕ್ಟರುಗಳ ಮುಂದಿನ ಚಕ್ರಕ್ಕೂ ಇದೇ ಅಳತೆಯ ಟೈರು ಬರುತ್ತದೆ. ಸುತ್ತಲೂ ಉದ್ದುದ್ದ ಮೂರು ಏಣು ಇರುತ್ತವೆ, ಸಾಲಿನಲ್ಲಿ ನೆಟ್ಟಗೆ ಹೋಗಲಿ ಎಂದು. ಅಳತೆ ಹೊಂದಿತು ಎಂದ ಮೇಲೆ ಜೀಪಣ್ಣನವರು ಕೈ ಬೀಸಿ ಒಂದು ಮಾತು ಹೇಳುತ್ತಾರೆ: "ಇರುಕ್ಕಟ್ಟುಂಗ." ಇರಲಿ ಬಿಡಿ. ಕೊಂಗುನಾಡಿನ ಈ ತಮಿಳು ಮಾತೊಂದರಿಂದಲೇ ಅವರ ಶೆಡ್ಡಿನ ಅರ್ಧ ತುಂಬಿದೆ.

ಇರಲು ಅಡ್ಡಿಯಿಲ್ಲ, ಓಡಲು ಅಡ್ಡಿ ಇದೆ. ಟ್ರ್ಯಾಕ್ಟರ್ ಟೈರಿನ ಪಕ್ಕದಲ್ಲಿ ಎ6 ಅಥವಾ ಎ8 ಎಂದು ಒತ್ತಿರುತ್ತದೆ. ಎ6 ಎಂದರೆ ಗಂಟೆಗೆ 30 ಕಿಲೋಮೀಟರ್, ಎ8 ಎಂದರೆ 40, ಅದಕ್ಕಿಂತ ವೇಗವಾಗಿ ಓಡಿಸಬಾರದು. ಅವಿನಾಶಿ ರಸ್ತೆಯಲ್ಲಿ ಆ ವೇಗಕ್ಕೆ ಹೋದರೆ ಹಿಂದಿನ ಲಾರಿಯವರು ಹಾರ್ನಿನಲ್ಲೇ ಮನೆಮಂದಿಯನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ.

ಜೀಪಣ್ಣನವರ ಸಿದ್ಧಾಂತ ಸರಳ: ಓಡದ ಟೈರು ಹೊಸ ಟೈರು. ಎಷ್ಟು ವರ್ಷದ್ದಾದರೇನು, ನೆಲ ಮುಟ್ಟಿಲ್ಲವಲ್ಲ! ರಬ್ಬರಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಗಾಳಿಯಲ್ಲಿರುವ ಓಜೋನು ರಬ್ಬರನ್ನು ಬಿರುಕು ಬಿಡಿಸದಿರಲಿ ಎಂದು ಕಂಪನಿಯವರು ಅದಕ್ಕೆ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿ ಬಿಸಿಯಾದಂತೆ ಅವು ಮೇಲಕ್ಕೆ ಬಂದು ಕವಚವಾಗುತ್ತವೆ. ಮೂಲೆಯಲ್ಲಿ ನಿಂತ ಟೈರಿಗೆ ಆ ಭಾಗ್ಯ ಕಡಿಮೆ. ಬಿಸಿಲು, ಶಾಖ, ವೆಲ್ಡಿಂಗ್, ವಿದ್ಯುತ್ ಮೋಟಾರು ಇರುವ ಜಾಗದಲ್ಲಿ ಟೈರು ಇಡಬೇಡಿ ಎಂದೂ ತಯಾರಕರು ಹೇಳುತ್ತಾರೆ, ಕಿಡಿ ಹಾರುವ ಕಡೆ ಓಜೋನು ಹುಟ್ಟುತ್ತದೆ. ಜೀಪಣ್ಣನವರ ಟೈರುಗಳ ತಲೆಯ ಮೇಲೆ ತಗಡು, ಎಡಕ್ಕೆ ವೆಲ್ಡಿಂಗ್ ಶಾಪು, ಬಲಗೋಡೆಯ ಆಚೆ ಇನ್ನೂ ಓಡುತ್ತಿರುವ ಪಕ್ಕದ ಮನೆಯ ಮಗ್ಗಗಳು. ತಯಾರಕರ ಎಚ್ಚರಿಕೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಕಟ್ಟಿಸಿದ್ದರೂ ಇಷ್ಟು ಕರಾರುವಾಕ್ಕಾಗಿ ಬರುತ್ತಿರಲಿಲ್ಲ.

ದೊಡ್ಡ ಕಂಪನಿಗಳು ಹತ್ತು ವರ್ಷ ತುಂಬಿದ ಟೈರನ್ನು, ಸ್ಟೆಪ್ನಿಯೂ ಸೇರಿದಂತೆ, ಗ್ರಿಪ್ ಎಷ್ಟೇ ಇರಲಿ, ತೆಗೆದುಬಿಡಿ ಎನ್ನುತ್ತವೆ. ಇದು ಬರೀ ವ್ಯಾಪಾರದ ಮಾತು ಎಂದು ಜೀಪಣ್ಣನವರ ಗುಮಾನಿ. ಆದರೆ 2012ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಹೈಂಡ್‌ಹೆಡ್ ಬಳಿ ಸಂಗೀತೋತ್ಸವದಿಂದ ಜನರನ್ನು ಕರೆತರುತ್ತಿದ್ದ ಬಸ್ಸೊಂದರ ಮುಂದಿನ ಟೈರು ಸಿಡಿದು ಮೂವರು ಸತ್ತರು. ಆ ಟೈರಿಗೆ 19 ದಾಟಿತ್ತು, ಬಸ್ಸಿಗಿಂತ ಟೈರೇ ಹಿರಿಯದು. 2021ರ ಫೆಬ್ರವರಿ 1ರಿಂದ ಬ್ರಿಟನ್ನಿನಲ್ಲಿ ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ದಾಟಿದ ಟೈರು ಹಾಕುವುದು ನಿಷಿದ್ಧ. ಈ ಕಥೆ ಕೇಳಿದ ದಿನ ಜೀಪಣ್ಣನವರು ಸುಮ್ಮನಾದರು. ಮರುದಿನ ನೋಡಿದರೆ ಜೀಪಿನ ಮುಂದಿನ ಎರಡು ಹಳೇ ಟೈರುಗಳು ಹಿಂದಕ್ಕೆ ಹೋಗಿದ್ದವು.

ಅವರನ್ನು ಪೂರ್ತಿ ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸುವುದೂ ಕಷ್ಟ. ಹಳೇ ಟೈರಿಗೆ ಮರುಜನ್ಮ ಕೊಡುವುದು ಈ ಸೀಮೆಯ ಹಳೇ ಕಸುಬು. 1946ರಲ್ಲಿ ಮದರಾಸಿನ ತಿರುವೊತ್ತಿಯೂರಿನಲ್ಲಿ ಆಟದ ಬಲೂನು ಮಾಡುತ್ತ ಶುರುವಾದ ಎಂ.ಆರ್.ಎಫ್. ಟೈರು ಮಾಡುವುದಕ್ಕೂ ಮೊದಲೇ, 1952ರಲ್ಲಿ, ಸವೆದ ಟೈರಿಗೆ ಹಚ್ಚುವ ಟ್ರೆಡ್ ರಬ್ಬರಿಗೆ ಕೈ ಹಾಕಿತ್ತು. ಕೊಯಮತ್ತೂರಿನಲ್ಲೇ ಬಸ್ ಸಾರಿಗೆಯಿಂದ ಬೆಳೆದ ಎಲ್.ಜಿ.ಬಿ. ಮನೆತನದ ಎಲ್ಜಿ ಸಂಸ್ಥೆ ರೀಟ್ರೆಡ್ಡಿಂಗಿಗೆ ಹೆಸರಾಯಿತು. ನಾಮಕ್ಕಲ್ಲಿನ ಲಾರಿ ಮಾಲೀಕರ ಲೆಕ್ಕದಲ್ಲಿ ಟೈರು ಒಂದು ಸಲ ಸವೆದರೆ ಅದರ ಬಾಲ್ಯ ಮುಗಿಯಿತು, ಅಷ್ಟೆ. ಆದರೆ ಅವರು ರೀಸೋಲ್ ಮಾಡಿಸುವುದು ಓಡಿ ಸವೆದ, ಒಡಲು ಗಟ್ಟಿಯಿರುವ ಟೈರನ್ನು. ಜೀಪಣ್ಣನವರ ಸಂಗ್ರಹದಲ್ಲಿ ಮೇಲಿನ ಗ್ರಿಪ್ ಗಟ್ಟಿ, ಒಡಲೇ ಟೊಳ್ಳು. ರೀಸೋಲಿನವನು ಬಂದು ನೋಡಿ, "ಅಣ್ಣಾ, ಇದರ ಅಂಗಿ ಹೊಸದು, ಮನುಷ್ಯ ಹಳಬ" ಎಂದು ನಕ್ಕು ಹೋದ.

ಶೆಡ್ಡಿನ ಗೋಡೆಗೆ ಎತ್ತರದ ಗೂಟ ಹೊಡೆದು ಅವರು ತೂಗುಹಾಕಿರುವುದು ಒಂದು ವಿಕ್ರಾಂತ್ ಟೈರನ್ನು. ಮೈಸೂರಿನ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಜೆ.ಕೆ. ಟೈರ್‌ನವರ ಕೈಗೆ ಹೋಯಿತು. ಅದಕ್ಕೂ ಹಿಂದಿನದು ಇದು ಎಂದು ಜೀಪಣ್ಣನವರ ವಾದ. ಚೌಡೇಶ್ವರಿ ಹಬ್ಬಕ್ಕೆ ಕರ್ನಾಟಕದ ಕಡೆಯಿಂದ ನೆಂಟರು ಬಂದರೆ ಅಮ್ಮನ ದರ್ಶನ ಮುಗಿಸಿ ನೇರವಾಗಿ ಇಲ್ಲಿಗೆ ಕರೆತರುತ್ತಾರೆ. "ನಮ್ಮ ಮೈಸೂರಿಂದು," ಎಂದು ಅದನ್ನು ಸವರುತ್ತಾರೆ. ಅದನ್ನು ಜೀಪಿಗೆ ಹಾಕುವ ಮಾತನ್ನು ಮಾತ್ರ ಆಡುವುದಿಲ್ಲ.

ಮನೆಯಾಕೆಯ ಆಸೆಯೆಲ್ಲ ಭೋಗಿ ಹಬ್ಬದ ಮೇಲೆ. ಪೊಂಗಲ್‌ಗೆ ಮುಂಚಿನ ಬೆಳಗ್ಗೆ ಹಳೇ ಸಾಮಾನು ಸುಡುವ ಪದ್ಧತಿ. ಒಂದು ಸಾಲು ಟೈರನ್ನಾದರೂ ಅವತ್ತು ಬೆಂಕಿಗೆ ಕೊಟ್ಟರೆ ಶೆಡ್ಡಿನಲ್ಲಿ ಒಂದು ಹೊಲಿಗೆ ಯಂತ್ರಕ್ಕೆ ಜಾಗವಾಗುತ್ತದೆ. ಜೀಪಣ್ಣನವರನ್ನು ಕಾಪಾಡಿದ್ದು ಸರ್ಕಾರ. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ವರ್ಷವರ್ಷವೂ ಭೋಗಿಗೆ ಟೈರು, ಪ್ಲಾಸ್ಟಿಕ್ ಸುಡಬೇಡಿ ಎಂದು ಕೇಳಿಕೊಳ್ಳುತ್ತದೆ. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅವರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಅಡಿಗೆಮನೆಯವರೆಗೂ ಕೇಳುವಂತೆ.

ಒಂದು ಇಲಾಖೆ ಕಾಪಾಡಿದರೆ ಇನ್ನೊಂದು ಇಲಾಖೆ ಹಿಡಿಯುತ್ತದೆ. ಮಳೆಗಾಲ ಬಂತೆಂದರೆ ಡೆಂಗಿ ತಪಾಸಣೆಗೆ ಆರೋಗ್ಯ ಕಾರ್ಯಕರ್ತೆ ಬರುತ್ತಾರೆ. ಟೈರಿನೊಳಗೆ ನಿಂತ ಒಂದು ಲೋಟ ನೀರು ಈಡಿಸ್ ಸೊಳ್ಳೆಗೆ ಸಾಕು. ಬಗ್ಗಿಸಿದರೂ ನೀರು ಪೂರ್ತಿ ಚೆಲ್ಲದಿರುವುದು ಟೈರಿನ ಆಕಾರದ ಗುಣ. 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕಾಣಿಸಿಕೊಂಡು ಆ ದೇಶದ ಉದ್ದಗಲ ಹರಡಿದ ಏಷ್ಯಾದ ಹುಲಿ ಸೊಳ್ಳೆ ಹಡಗಿನಲ್ಲಿ ಬಂದಿಳಿದದ್ದೂ ಹಳೇ ಟೈರುಗಳ ಒಳಗೇ ಎಂದು ತಜ್ಞರ ತೀರ್ಮಾನ. ಕಾರ್ಯಕರ್ತೆ ಟಾರ್ಚು ಬಿಟ್ಟು ನೋಡಿ, "ಅಣ್ಣಾ, ಇಷ್ಟೊಂದು ಟೈರು ಯಾತಕ್ಕೆ? ನಿಮಗಿರೋದು ಒಂದೇ ಜೀಪಲ್ವಾ?" ಎಂದರು.

"ಫೋರ್ ವೀಲ್ ಡ್ರೈವಮ್ಮಾ," ಎಂದರು ಜೀಪಣ್ಣನವರು, ಉಳಿದದ್ದೆಲ್ಲ ಅದರಲ್ಲೇ ಅಡಗಿದೆ ಎಂಬಂತೆ.

ಆ ಫೋರ್ ವೀಲ್ ಡ್ರೈವಿನ ಪರೀಕ್ಷೆ ನಡೆದದ್ದು ದಿಂಬಂ ಘಾಟಿಯಲ್ಲಿ. ತಾಳವಾಡಿಯಲ್ಲಿ ಮನೆಯಾಕೆಯ ತವರು. ಸತ್ಯಮಂಗಲ ದಾಟಿ ಬಣ್ಣಾರಿ ಅಮ್ಮನಿಗೆ ಕೈ ಮುಗಿದು ಹತ್ತಲು ಶುರುಮಾಡಿದರೆ 27 ಹೇರ್‌ಪಿನ್ ತಿರುವು. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ 2022ರ ಫೆಬ್ರವರಿಯಿಂದ ಹೊರಗಿನ ವಾಹನಗಳಿಗೆ ರಾತ್ರಿ ತಡೆ. ಹೊತ್ತು ಮುಳುಗುವುದರೊಳಗೆ ಮೇಲೆ ಸೇರುವುದು ಕ್ಷೇಮ. ಹಿಂದಿನ ಸೀಟಿನಲ್ಲಿ ರಿಮ್ಮು ಸಮೇತ ಮೂರು ಸ್ಟೆಪ್ನಿ ಕೂತಿದ್ದವು, ಮಗ ಬಸ್ಸಿನಲ್ಲಿ ಬರುತ್ತಿದ್ದ. ಅರ್ಧ ಘಾಟಿಯಲ್ಲಿ ಬಲಗಡೆಯ ಹಿಂದಿನ ಟೈರು ಉಸಿರು ಬಿಟ್ಟಿತು.

ಜೀಪಣ್ಣನವರ ಮುಖದಲ್ಲಿ ಕಂಡದ್ದು ಸಂತೋಷವೇ. ಜಾಕಿ ಕೊಟ್ಟರು, ನಟ್ಟು ಬಿಚ್ಚಿದರು, ಮೊದಲನೇ ಸ್ಟೆಪ್ನಿ ಹಾಕಿ ಜಾಕಿ ಇಳಿಸಿದರು. ಜೀಪಿನ ಜೊತೆ ಟೈರೂ ಇಳಿಯಿತು, ಗಾಳಿಯೇ ಇರಲಿಲ್ಲ. ಎರಡನೆಯದರಲ್ಲಿ ಗಾಳಿ ಇತ್ತು. ಎಷ್ಟಿದೆ ನೋಡೋಣ ಎಂದು ವಾಲ್ವಿನ ಮುಚ್ಚಳ ತಿರುಗಿಸಿದರೆ ಒಣಗಿದ ಟ್ಯೂಬಿನ ವಾಲ್ವು ಬೇರುಸಹಿತ ಕೈಗೆ ಬಂತು. ಹಿಂದೆ ನಿಂತ ಲಾರಿಯ ಕ್ಲೀನರ್ ಇಳಿದು ಬಂದು, "ಅಣ್ಣಾ, ಮೂರನೇದನ್ನೂ ಇಳಿಸಿ, ಅದನ್ನೂ ನೋಡೇ ಬಿಡೋಣ" ಎಂದ. ಮೂರನೆಯದು ಟ್ರ್ಯಾಕ್ಟರಿನದು. ಅದೊಂದು ಗಟ್ಟಿಯಾಗಿ ನಿಂತಿತು. ಹಾಸನೂರು ದಾಟಿ ತಾಳವಾಡಿಯವರೆಗೆ ಜೀಪು ಹೋದದ್ದು ಉಳುವ ವೇಗದಲ್ಲಿ. ಮಗ ಬಂದ ಬಸ್ಸು ಹಿಂದಿನಿಂದ ಬಂದು ಮುಂದೆ ಹೋಯಿತು. ಅವನು ಕಿಟಕಿಯಿಂದ ಕೈ ಬೀಸಿದ.

ತವರಿನಲ್ಲಿ ಜೀಪಣ್ಣನವರು ವಿವರಿಸಿದರು: "ಮೂರು ಇದ್ದದ್ದಕ್ಕೆ ಬಂದು ಸೇರಿದ್ವಿ."

"ಸರಿಯಾಗಿರೋದು ಒಂದಿದ್ದಿದ್ರೆ ಊಟದ ಹೊತ್ತಿಗೇ ಸೇರ್ತಿದ್ವಿ," ಎಂದು ಮನೆಯಾಕೆ ತಣ್ಣಗಾದ ಅನ್ನಕ್ಕೆ ಸಾರು ಬಡಿಸಿದರು.

ಹಾಗೆಂದು ಊರಿನವರು ಅವರನ್ನು ಬರೀ ನಗೆಗೆ ಇಟ್ಟುಕೊಂಡಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿದು ಹೊಸ ಥಾರ್, ಹಳೇ ಜಿಪ್ಸಿ ಕೊಂಡ ಹುಡುಗರು ಭಾನುವಾರ ಬೆಳಗ್ಗೆ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಾರೆ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ವಾಹನದ ಹೊಸ ಟೈರುಗಳ ಆಮದಿಗೆ ಪರವಾನಗಿಯ ಕಡಿವಾಣ ಹಾಕಿದ ಮೇಲೆ ಹೊರದೇಶದ ಮಡ್ ಟೈರುಗಳಿಗೆ ಪರದಾಟ ಶುರುವಾಯಿತು. ಹೊಸ ಜೊತೆ ಸಿಗುವುದು ಕಷ್ಟವಾದಾಗ ನಾಲ್ಕರಲ್ಲಿ ಒಂದು ಹರಿದವನು ಬರುವುದು ಇಲ್ಲಿಗೇ. ಆಗ ಜೀಪಣ್ಣನವರು ಬೇರೆಯೇ ಮನುಷ್ಯ. ತಮ್ಮ ಟೈರಿಗೆ ಹಾಕದ ಕಟ್ಟುನಿಟ್ಟನ್ನೆಲ್ಲ ಇನ್ನೊಬ್ಬರ ಟೈರಿಗೆ ಹಾಕುತ್ತಾರೆ.

"ಅಳತೆ ಒಂದೇ ಇರಬೇಕು, ತಮ್ಮಾ. ರಿಮ್ಮಿಗೆ ಕೂತ್ರೆ ಸಾಲದು," ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುತ್ತಾರೆ. ಹಳೇ ಥಾರ್‌ನ 235/70 ಆರ್16 ಟೈರಿನ ಎತ್ತರ ಸುಮಾರು 29 ಇಂಚು, ಜಿಮ್ನಿಯದು 27 ಚಿಲ್ಲರೆ. ಎರಡನ್ನೂ ಒಂದೇ ಗಾಡಿಗೆ ಹಾಕಿದರೆ ಚಿಕ್ಕದು ಕಿಲೋಮೀಟರಿಗೆ ಸುಮಾರು 26 ಸುತ್ತು ಹೆಚ್ಚು ತಿರುಗಬೇಕು. ಆ ಹೆಚ್ಚುವರಿ ಸುತ್ತಿನ ಕೂಲಿಯನ್ನು ಕೊಡುವುದು ಡಿಫರೆನ್ಶಿಯಲ್ಲು. ಟಾರು ರಸ್ತೆಯಲ್ಲಿ ಫೋರ್ ವೀಲ್ ಲಿವರ್ ಎಳೆದರಂತೂ ಮುಂದಿನ ಶಾಫ್ಟಿಗೂ ಹಿಂದಿನದಕ್ಕೂ ಜಗಳ ಹತ್ತಿ ಗೇರುಪೆಟ್ಟಿಗೆಯೇ ಬಿಗಿದುಕೊಳ್ಳುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಬಿಗಿ ಬಿಡುತ್ತದೆ. ಹಳೇ ಸ್ಟೆಪ್ನಿ ಹಾಕಿದರೆ ಹಿಂದಕ್ಕೆ ಹಾಕು, ಮುಂದಕ್ಕೆ ಬೇಡ, ನಿಧಾನ ಹೋಗು, ಪಂಚರ್ ಅಂಗಡಿ ಸಿಕ್ಕ ಕೂಡಲೇ ಬಿಚ್ಚು, ತಿಂಗಳಿಗೊಮ್ಮೆ ಗಾಳಿ ನೋಡು. ಕೊನೆಯದನ್ನು ಹೇಳುವಾಗ ಮನೆಯಾಕೆ ಒಳಗಿನಿಂದ ಕೆಮ್ಮುತ್ತಾರೆ.

ಬೋಲ್ಟಿನ ವಿಷಯಕ್ಕೆ ಬಂದರೆ ಅವರನ್ನು ಮೀರಿಸುವವರಿಲ್ಲ. ವಿಲ್ಲಿಸ್ ವಂಶದ ಜೀಪಿಗೂ ಮಾರುತಿ ಜಿಪ್ಸಿಗೂ ಐದೈದು ಬೋಲ್ಟು, ಬೋಲ್ಟುಗಳು ಕೂತ ವೃತ್ತದ ಅಳತೆಯೂ ಒಂದೇ, 139.7 ಮಿಲಿಮೀಟರ್. ಅಮೆರಿಕದ ಯುದ್ಧದ ಗಾಡಿಗೂ ಸುಜುಕಿಯ ಪುಟ್ಟ ಗಾಡಿಗೂ ಹೊಂದಿಕೆಯಾದ ಈ ಸಂಗತಿಯನ್ನು ಅವರು ಜಾತಕ ಕೂಡಿಬಂದ ಸುದ್ದಿಯ ಹಾಗೆ ಹೇಳುತ್ತಾರೆ.

ಇಷ್ಟರಲ್ಲಿ ಮಗ ಹೊಸ ಕಾರು ತಂದ. ಆರತಿ ಎತ್ತಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಆದ ಮೇಲೆ ಜೀಪಣ್ಣನವರು ನೇರವಾಗಿ ಹಿಂದಕ್ಕೆ ಹೋಗಿ ಡಿಕ್ಕಿ ತೆರೆದರು. ನೆಲದ ಹಾಸು ಎತ್ತಿದರು. ಕೆಳಗೆ ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಗಾಳಿ ಪಂಪು, ಒಂದು ಬಾಟಲಿ ಅಂಟು.

"ಟೈರೆಲ್ಲಿ?"

"ಈಗ ಕೊಡೋದಿಲ್ಲಪ್ಪ."

2020ರ ಜುಲೈನಲ್ಲಿ ತಿದ್ದಿದ ಮೋಟಾರು ವಾಹನ ನಿಯಮದ ಪ್ರಕಾರ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಚರ್ ಕಿಟ್ ಇದ್ದರೆ 3.5 ಟನ್‌ವರೆಗಿನ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಕಡ್ಡಾಯವಲ್ಲ. ಮಗ ಅದನ್ನು ಓದಿ ಹೇಳಿದ. ಮೋಟಾರಿನ ಮೊದಮೊದಲ ದಿನಗಳಲ್ಲೂ ಸ್ಟೆಪ್ನಿ ಇರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ವೇಲ್ಸಿನ ಲನೆಲ್ಲಿ ಊರಿನ ಡೇವಿಸ್ ಸಹೋದರರು ಗಾಳಿ ತುಂಬಿದ ಬಿಡಿ ಚಕ್ರ ಮಾಡಿ ಮಾರುವವರೆಗೆ ಪಂಚರಾದವರು ರಸ್ತೆಯಂಚಿನಲ್ಲೇ ಕೂತು ಟೈರು ಬಿಚ್ಚಿ ರಿಪೇರಿ ಮಾಡಿಕೊಳ್ಳಬೇಕಿತ್ತು. ಮುತ್ತಾತನ ಕಾಲಕ್ಕೆ ವಾಪಸು ಹೋಗಲು ಇಷ್ಟು ದುಡ್ಡು ಕೊಟ್ಟೆಯಾ ಎಂಬಂತೆ ಜೀಪಣ್ಣನವರು ಮಗನನ್ನು ನೋಡಿದರು.

"ಮೊಳೆ ಚುಚ್ಚಿದ ತೂತು ಈ ಅಂಟಿನಲ್ಲಿ ಮುಚ್ತದಪ್ಪ."

"ದಿಂಬಂನಲ್ಲಿ ಕಲ್ಲು ತಾಗಿ ಸೈಡ್‌ವಾಲ್ ಹರಿದ್ರೆ?"

ಮಗನ ಬಳಿ ಉತ್ತರ ಇರಲಿಲ್ಲ. ಬಾಟಲಿಯ ಮೇಲೂ ಇರಲಿಲ್ಲ, ಸೈಡ್‌ವಾಲಿನ ಹರಕಿಗೆ ಆ ಅಂಟು ನಡೆಯುವುದಿಲ್ಲ. ಜೀಪಣ್ಣನವರು ಗೆದ್ದ ಗತ್ತಿನಲ್ಲಿ ಶೆಡ್ಡಿನ ಕಡೆ ಎರಡು ಹೆಜ್ಜೆ ಹಾಕಿ, ಏನೋ ನೆನಪಾಗಿ ನಿಂತರು. ವಾಪಸು ಬಂದು ಕಾರಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೆರಳಿಟ್ಟು ನಟ್ಟು ಎಣಿಸಿದರು. ನಾಲ್ಕು. ಇನ್ನೊಮ್ಮೆ ಎಣಿಸಿದರು. ನಾಲ್ಕೇ. ಇಷ್ಟು ವರ್ಷದ ಸಂಗ್ರಹದಲ್ಲಿ ನಾಲ್ಕು ತೂತಿನ ರಿಮ್ಮು ಒಂದೂ ಇಲ್ಲ.

ಅಲ್ಲೇ ಕೂತು ಜೇಬಿನಿಂದ ಫೋನು ತೆಗೆದು ಉಕ್ಕಡಂಗೆ ಹಚ್ಚಿದರು. ನಾಲ್ಕು ತೂತಿನ ರಿಮ್ಮು, ಟೈರಿನ ಜೊತೆ, ಹಳೇದಾದರೂ ಸರಿ ಎಂದರು. ಆ ಕಡೆಯವನು ಎಷ್ಟು ಬೇಕು ಎಂದು ಕೇಳಿದ. ಜೀಪಣ್ಣನವರು ಮಗನ ಕಡೆಗೂ ಮನೆಯ ಬಾಗಿಲ ಕಡೆಗೂ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

"ನಿನ್ನತ್ರ ಎಷ್ಟಿದ್ದಾವೆ?"